ಅರ್ಥದ ಖಾನೆ ಖಾಲಿ ಇದೆ

ಅಕ್ಕಾ,

ಮಗಳು ಹುಟ್ಟಿ ಒಂಬತ್ತು ದಿನವಾಯಿತು. ಎರಡು ಕಿಲೋ ಇದ್ದಾಳೆ, ಹಾಲು ಕುಡಿಯುತ್ತಾಳೆ. ನನ್ನ ಹೊಲಿಗೆ ಇನ್ನೂ ಉರಿಯುತ್ತದೆ.

ಇಲ್ಲಿ ಮಗುವಿನ ಹೆಸರಿನ ಜೊತೆ ಅದರ ಅರ್ಥವನ್ನೂ ಬರೆದುಕೊಡಬೇಕು. ಹುಟ್ಟಿದ ಇಪ್ಪತ್ತು ದಿನದೊಳಗೆ ಕೊಡದಿದ್ದರೆ ಜನನ ನೋಂದಣಿ ಕಚೇರಿಯವರೇ ತಮ್ಮ ಪಟ್ಟಿಯಿಂದ ಒಂದನ್ನು ಇಡುತ್ತಾರಂತೆ. ಇಡಲಿಕ್ಕೆ ಅವರ್ಯಾರು? ಪಟ್ಟಿ ಆಸ್ಪತ್ರೆಯ ವಾರ್ಡಿನ ಗೋಡೆಯ ಮೇಲಿದೆ. ಹತ್ತಾರು ದೇಶದ ಹೆಸರುಗಳು, ಅರ್ಥ ಮಾತ್ರ ಬರೀ ಬೆಳಕು, ಮುತ್ತು, ರಾಣಿ. ನೆಲ ಒರೆಸುವವಳು ನಕ್ಕಳು: "ನನ್ನ ಹೆಸರು ಇದರಲ್ಲಿ ಎಲ್ಲಿರುತ್ತೆ ತಾಯಿ? ನಮ್ಮ ಮಾತಲ್ಲಿ ಅದಕ್ಕೆ 'ಸಾಕು' ಅಂತ ಅರ್ಥ. ನಾನು ಐದನೇ ಹೆಣ್ಣು."

ನಾನು ನಮ್ಮ ಅಜ್ಜಿಯ ಹೆಸರು ಬರೆದೆ. ಅರ್ಥದ ಖಾನೆಗೆ ಬಂದಾಗ ಕೈ ನಿಂತಿತು. ಅದು ಅಜ್ಜಿ ದುಡಿಯುತ್ತಿದ್ದ ಮನೆಯ ಧಣಿ ಇಟ್ಟ ಹೆಸರು; ಅರ್ಥ, ಕಸ. ಹೊಡೆದುಹಾಕಿದೆ.

ಅಜ್ಜಿಯನ್ನು ಹೆತ್ತವಳು ಏನೆಂದು ಕರೆಯುತ್ತಿದ್ದಳು? ಅವ್ವನನ್ನು ಕೇಳಿ ಈ ಕಾರ್ಡು ಸಿಕ್ಕ ದಿನವೇ ಬರೆ. ಇದು ನಿನಗೆ ತಲುಪಲು ಐದು ದಿನ, ಉತ್ತರಕ್ಕೆ ಐದು ದಿನ. ಅವ್ವ ಮರೆತಿದ್ದರೆ ನೀನು ಕಟ್ಟಿ ಹೇಳಬೇಡ. ಆಗ ನಿನ್ನ ಹೆಸರನ್ನೇ ಇಡುತ್ತೇನೆ. ಅರ್ಥದ ಜಾಗದಲ್ಲಿ, ನೀನು ಅಂದು ಮಾಡಿದ ಹಾಗೆಯೇ, 'ಧಣಿ ಕೂಗಿದರೂ ತಿರುಗದವಳು' ಎಂದು ಬರೆಯುತ್ತೇನೆ. ಕಚೇರಿಯವರು ತಿದ್ದಲಿ, ನೋಡೋಣ.

ಮಗಳು ಎದ್ದಳು.

ನಿನ್ನ ತಂಗಿ