ನಮ್ಮ ಪೈಕಿ ಒಬ್ಬಳು

ಸೆಪ್ಟೆಂಬರ್ 4, ಬುಧವಾರ. ಬೆಳಿಗ್ಗೆ 9.10

ಫೋನ್ ಸುತ್ತು ಮುಗಿಯಿತು. ಹನ್ನೊಂದು ಮೆಂಟರ್‌ಗಳು, ಹನ್ನೊಂದು ಕರೆ. ಎಲ್ಲರೂ ನನ್ನ ಹಾಗೆ ಚಟ ಬಿಟ್ಟು, ಈಗ ಹೊಸಬರಿಗೆ ಜೊತೆ ನಿಂತವರು. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಪೆನ್ನು — ಮಾತಾಡುತ್ತಲೇ ಈ ಪುಸ್ತಕದಲ್ಲಿ ಗೀಚುವ ಚಟ. ಮಿಕ್ಕ ಚಟಗಳೆಲ್ಲ ಬಿಟ್ಟವು, ಇದೊಂದು ಉಳಿದಿದೆ. ಇರಲಿ ಬಿಡು.

ಎಲ್ಲರಿಗೂ ಒಂದೇ ಪ್ರಶ್ನೆ: ನಿನ್ನ ಜೊತೆಯವರು ಹೇಗಿದ್ದಾರೆ? ಎಲ್ಲರದೂ ಒಂದೇ ಉತ್ತರ: ಪರವಾಗಿಲ್ಲ. ಮಾದಕ ಚಟದ ಕೇಸುಗಳ ಈ ಚಿಕಿತ್ಸಾ ಕೋರ್ಟಿನಲ್ಲಿ ‘ಪರವಾಗಿಲ್ಲ’ ಎಂದರೆ ಹಬ್ಬ.

ಶೆಲ್ಬಿಯ ಮೆಂಟರ್ ಬೇರೆ ಊರಿಗೆ ಹೋದಳು. ಡಿಸೆಂಬರ್‌ನಲ್ಲಿ ಚಿಕಿತ್ಸೆ ಮುಗಿಸಬೇಕಾದ ಹುಡುಗಿ, ಇಪ್ಪತ್ಮೂರು ವರ್ಷ. ಜೈಲಿನ ಬದಲು ನಮ್ಮನ್ನು ಆರಿಸಿಕೊಂಡು ಬಂದವಳು. ದಡದ ಹತ್ತಿರ ಕೈಬಿಡುವ ಹಾಗಿಲ್ಲ. ಕೊರಿನ್‌ಗೆ ಒಪ್ಪಿಸಿದೆ. ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಕೊಡಬಾರದು ಅನ್ನುವುದು ನಿಯಮ. ಕೊರಿನ್‌ಗೆ ಇವಳು ಮೂರನೆಯವಳು.

“ಮೂರನೇದಾ? ನನ್ನ ಮನೆ ಏನು ಛತ್ರಾನೇನೆ ರೂತಿ?”

“ಹೋಗ್ಲಿ, ಬೇರೆ ಯಾರಿಗಾದ್ರೂ ಕೊಡ್ತೀನಿ.”

“ಕಳ್ಸು ಮಾರಾಯ್ತಿ. ಸುಮ್ನೆ ಅಂದೆ.”

ಇಲ್ಲ ಅನ್ನುವುದು ಅವಳ ಜಾಯಮಾನದಲ್ಲೇ ಇಲ್ಲ. ಅದು ಗೊತ್ತಿದ್ದೇ ಕೇಳುತ್ತೇನೆ.


ಸೆಪ್ಟೆಂಬರ್ 19, ಗುರುವಾರ

ಕೋರ್ಟ್ ದಿನ. ಜಡ್ಜ್ ಆಂಬ್ರೋಸ್ ಒಬ್ಬೊಬ್ಬರನ್ನೇ ಕರೆದು “ಬಿಟ್ಟು ಎಷ್ಟು ದಿನ?” ಅನ್ನುತ್ತಾರೆ. ನಲವತ್ತೊಂದು. ಚಪ್ಪಾಳೆ. ಏಳು. ಅದಕ್ಕೂ ಚಪ್ಪಾಳೆ. ಕೊನೆಗೆ ಹಿಂದಿನ ಗೋಡೆಗೆ ಒರಗಿ ನಿಂತ ನಮ್ಮ ಹಳಬರ ಸರದಿ. ಕೊರಿನ್ “ಎರಡು ಸಾವಿರದ ಇನ್ನೂರ ಏಳು” ಅಂದಾಗ ಹೊಸಬರೆಲ್ಲ ಕತ್ತು ತಿರುಗಿಸಿ ನೋಡಿದರು. ಅವರಿಗೆ ಅವಳೊಂದು ಬೆಟ್ಟ.

ಆರು ವರ್ಷದ ಹಿಂದೆ ನಾನು ಅವಳ ಮೆಂಟರ್. ಮೊದಲ ದಿನವೇ ನನ್ನ ಮೇಲೆ ಕಾಫಿ ಎಸೆದಿದ್ದಳು. ಎರಡನೇ ದಿನ ಅದೇ ಶರ್ಟ್ ಹಾಕಿಕೊಂಡು ಹೋದೆ. “ಬೇರೆ ಬಟ್ಟೆ ಇಲ್ವಾ ನಿಂಗೆ?” ಅಂತ ನಕ್ಕಳು. ಅಲ್ಲಿಂದ ಶುರು.

ಇವತ್ತು ಅವಳ ಕೆನ್ನೆ ಬನ್ನಿನ ಹಾಗೆ ಊದಿದೆ. ನಿನ್ನೆ ದವಡೆ ಹಲ್ಲು ಕೀಳಿಸಿದ್ದಾಳೆ. ತಿಂಡಿಗೆ ಇಟ್ಟಿದ್ದ ಪೆಪ್ಪರೋನಿ ರೋಲ್ ಮುಟ್ಟಲಿಲ್ಲ. ನಾನೇ ಎರಡು ತಿಂದೆ.


ಅಕ್ಟೋಬರ್ 8, ಮಂಗಳವಾರ. ಸಂಜೆ 5.30

ಕೊರಿನ್ ಫೋನ್ ಮಾಡಿದಳು. ದನಿ ತಗ್ಗಿತ್ತು.

“ರೂತಿ, ನಮ್ಮ ಪೈಕಿ ಒಬ್ಳು ಜಾರಿದ್ದಾಳೆ. ಮತ್ತೆ ಶುರು ಮಾಡಿದ್ದಾಳೆ.”

ಹೆಸರು ಕೇಳಲಿಲ್ಲ. ಮೆಂಟರ್ ಹೆಸರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಹೆಸರು ನನ್ನ ಕಿವಿಗೆ ಬಿದ್ದರೆ ಕೋರ್ಟಿಗೆ ತಿಳಿಸಬೇಕಾಗುತ್ತದೆ. ಆಮೇಲೆ ಮೆಂಟರ್‌ಗಳ ಹತ್ತಿರ ಯಾರು ಬಾಯಿ ಬಿಡುತ್ತಾರೆ? ಈ ನಿಯಮ ಮಾಡಿದವಳು ನಾನೇ. ಬೇರೆ ಊರಿನವರು ಬಂದು ಬರೆದುಕೊಂಡು ಹೋಗಿದ್ದಾರೆ.

“ಎಷ್ಟು ದಿನದಿಂದ?”

“ಎರಡು ವಾರ. ನಾಚಿಕೆಯಿಂದ ಸಾಯ್ತಿದ್ದಾಳೆ. ಎಲ್ರೂ ಚಪ್ಪಾಳೆ ತಟ್ತಾರಲ್ಲ, ಅವರ ಮುಖ ಹೇಗೆ ನೋಡ್ಲಿ ಅಂತಾಳೆ.”

“ಅವಳೇ ಬಂದು ಹೇಳ್ಲಿ. ಯಾರೂ ನುಂಗಲ್ಲ. ಮತ್ತೆ ಒಂದರಿಂದ ಎಣಿಕೆ, ಅಷ್ಟೇ.”

“ಒಂದರಿಂದ.”

“ನಿನ್ನ ಮಾತು ಕೇಳ್ತಾಳೆ ಕಣೆ. ನಿನ್ನನ್ನ ನೋಡ್ಕೊಂಡು ತಾನೇ ಅವರೆಲ್ಲ ನಿಂತಿರೋದು? ನೀನು ಗಟ್ಟಿಯಾಗಿರು.”

“ಹೂಂ,” ಅಂದಳು. “ಗಟ್ಟಿಯಾಗಿರ್ತೀನಿ.”

ಶೆಲ್ಬಿ? ಶೆಲ್ಬಿಯೇ ಇರಬೇಕು.


ಅಕ್ಟೋಬರ್ 10, ಗುರುವಾರ

ಶೆಲ್ಬಿ ಬಿಳಿಚಿಕೊಂಡಿದ್ದಾಳೆ. ಉಗುರು ಕಚ್ಚುತ್ತಿದ್ದಳು. ಕಾರಿಡಾರಿನಲ್ಲಿ ನಿಲ್ಲಿಸಿ ಇನ್ನೊಂದು ಸಲ ಮೂತ್ರ ಪರೀಕ್ಷೆ ಕೊಡು ಅಂದೆ.

“ನಿನ್ನೆ ತಾನೇ ಕೊಟ್ಟೆನಲ್ಲ ಮಿಸ್ ರೂತಿ. ನನ್ನ ಮೇಲೆ ಅನುಮಾನಾನಾ ನಿಮಗೆ?”

“ಎಲ್ರಿಗೂ ಮಾಡಿಸ್ತಿದ್ದೀವಮ್ಮ.” ಹಸಿ ಸುಳ್ಳು. ಅವಳ ಕಣ್ಣು ತುಂಬಿತು. ನಾಟಕ ಅಂದುಕೊಂಡೆ. ಎಷ್ಟು ವರ್ಷ ನಾನೇ ಆಡಿದ್ದೇನಲ್ಲ!

ಹಳಬರ ಸರದಿ ಬಂದಾಗ ಕೊರಿನ್ ಇರಲಿಲ್ಲ. ಜಡ್ಜ್‌ಗೆ ಕಾಫಿ ತರಲು ಹೋಗಿದ್ದಳಂತೆ. ಜಡ್ಜ್ ಆಂಬ್ರೋಸ್ ಕಾಫಿ ಕುಡಿಯುವುದಿಲ್ಲ.


ಅಕ್ಟೋಬರ್ 15, ಮಂಗಳವಾರ

ಶೆಲ್ಬಿಯ ಫಲಿತಾಂಶ ಬಂತು. ಏನೂ ಇಲ್ಲ. ಅದರ ಹಿಂದಿನ ದಿನ ಕೊಟ್ಟಿದ್ದರಲ್ಲೂ ಇಲ್ಲ. ಹಾಗಾದರೆ ಕೊರಿನ್‌ಳ ಮಿಕ್ಕ ಇಬ್ಬರಲ್ಲಿ ಒಬ್ಬಳು. ಗುರುವಾರ ಕೊರಿನ್‌ಳನ್ನೇ ಮೆಲ್ಲಗೆ ಕೇಳಬೇಕು. ಶೆಲ್ಬಿಯ ಕ್ಷಮೆಯನ್ನೂ.


ಅಕ್ಟೋಬರ್ 17, ಗುರುವಾರ. ಮಧ್ಯಾಹ್ನ

ಕೊರಿನ್ ಬಂದಿಲ್ಲ. ಮೆಸೇಜ್: “ತಲೆನೋವು. ಹುಡುಗೀರನ್ನ ನೋಡ್ಕೋ.” ಹೆಬ್ಬೆರಳಿನ ಚಿತ್ರ ಕಳಿಸಿದೆ. ಕೈಯಲ್ಲಿ ಹದಿನಾರು ಫೈಲ್ ಇದ್ದವು. ನಾಳೆ ಮಾತಾಡಿದರಾಯಿತು.


ಅಕ್ಟೋಬರ್ 26, ಶನಿವಾರ

ಬರೆಯಲು ಆಗಲಿಲ್ಲ.

ಕೊರಿನ್ ಹೋದಳು. ಹದಿನೆಂಟನೇ ತಾರೀಖು, ಶುಕ್ರವಾರ. ಮಾತ್ರೆ.

ಮೊದಲು ನೋಡಿದ್ದು ಶೆಲ್ಬಿ. ಕೊರಿನ್ ತನ್ನ ಹುಡುಗಿಯರಿಗೆ ಕಲಿಸಿದ್ದಳು — ಎರಡು ಸಲ ಫೋನ್ ಎತ್ತದಿದ್ದರೆ ಕಾಯಬೇಡ, ಮನೆಗೇ ಹೋಗು. ಶೆಲ್ಬಿ ಹೋದಳು. ಅಡುಗೆಮನೆಯ ಕಿಟಕಿ ಒಡೆದು ಒಳಗೆ ಹತ್ತಿದಳು. ಕೈಗೆ ಎಂಟು ಹೊಲಿಗೆ. ಕೊರಿನ್ ಕುರ್ಚಿಯಲ್ಲಿ ಕೂತೇ ಇದ್ದಳಂತೆ. ಮೈಮೇಲೆ ಕೆಲಸಕ್ಕೆ ಹೋಗುವ ಬಟ್ಟೆ.

ನಿನ್ನೆ ಮಣ್ಣು ಮಾಡಿದೆವು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಯಾರೋ ತಂದ ಆಲೂಗಡ್ಡೆ ಬೇಯಿಸಿದ ಕ್ಯಾಸರೋಲ್ ಪಾತ್ರೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದೆ. ಅವಳ ಅಕ್ಕ ನೇಡಿನ್ ಬಂದು ಪಕ್ಕದಲ್ಲಿ ನಿಂತಳು.

“ಹಲ್ಲು ಕೀಳಿಸಿದಾಗ ನೋವಿಗೆ ಮಾತ್ರೆ ಕೊಟ್ಟಿದ್ರು. ನಾನೇ ಇಟ್ಕೊಂಡು ದಿನಕ್ಕೊಂದು ಕೊಡ್ತೀನಿ ಅಂದೆ. ಬೇಡ, ಆರು ವರ್ಷ ಆಯ್ತಲ್ಲ, ನಂಬಿಕೆ ಇಲ್ವಾ ಅಂದ್ಲು. ಅದು ಮುಗಿದ ಮೇಲೆ ಬೇರೆ ಕಡೆಯಿಂದ ತಗೊಂಡಿದ್ದಾಳೆ.”

ನಾನು ಏನೋ ಅಂದೆ. ಏನು ಅಂತ ನೆನಪಿಲ್ಲ.

“ನನಗೆ ಗೊತ್ತಾಗಿದ್ದು ಕೊನೇ ವಾರ. ರೂತಿಗೆ ಹೇಳು ಅಂತ ಕಾಲು ಹಿಡಿದೆ. ‘ಹೇಳಿದ್ದೀನಿ, ರೂತಿಗೆ ಗೊತ್ತು’ ಅಂದ್ಲು. ಅದಕ್ಕೇ ನಾನು ಧೈರ್ಯವಾಗಿದ್ದೆ ಕಣಮ್ಮ. ನಿನಗೆ ಗೊತ್ತಿದ್ಯಲ್ಲ ಅಂತ.”


ಅಕ್ಟೋಬರ್ 29

ಎಂಟನೇ ತಾರೀಖಿನ ಪುಟ ತೆಗೆದೆ. ನನ್ನದೇ ಅಕ್ಷರ. ‘ಶೆಲ್ಬಿ?’ — ಕೆಳಗೆ ಎರಡು ಗೆರೆ. ಪಕ್ಕದಲ್ಲಿ, ಮಾತಾಡುತ್ತ ಬಿಡಿಸಿದ ಒಂದು ಕಾಫಿ ಲೋಟ.

ಅವಳು ಹೇಳಿದಳು. ನನ್ನ ನಿಯಮದ ಪ್ರಕಾರವೇ ಹೇಳಿದಳು, ಹೆಸರು ಬಿಟ್ಟು. ನಾನು ಗಟ್ಟಿಯಾಗಿರು ಅಂದೆ.

ಆರು ವರ್ಷ, ವಾರ ವಾರ ಫೋನ್. ಒಂದು ಸಲವಾದರೂ ನೀನು ಹೇಗಿದ್ದೀಯೇ ಅಂತ ಕೇಳಿದ್ದೆನಾ? ಪುಸ್ತಕದುದ್ದಕ್ಕೂ ಹುಡುಕಿದೆ. ಶೆಲ್ಬಿ ಹೇಗಿದ್ದಾಳೆ. ಮೊದಲಿನವಳು ಹೇಗಿದ್ದಾಳೆ. ಎರಡನೆಯವಳು ಕೋರ್ಟಿಗೆ ಬರುತ್ತಾಳಾ. ಕೊರಿನ್ ಹೇಗಿದ್ದಾಳೆ ಅನ್ನುವುದು ಎಲ್ಲೂ ಇಲ್ಲ.

ನನಗೂ ಒಂದು ಮಾತ್ರೆ ಬೇಕು ಅನ್ನಿಸಿತು ಇವತ್ತು. ಒಂಬತ್ತು ವರ್ಷದ ಮೇಲೆ. ಜಡ್ಜ್‌ಗೆ ಫೋನ್ ಮಾಡಿ, ಬೇಕನ್ನಿಸಿರುವುದು ನನಗೇ ಅಂತ ಬಿಚ್ಚಿ ಹೇಳಿದೆ. ಕಾರು ತಂದು ಕರೆದುಕೊಂಡು ಹೋದರು. ಅವರ ಅಡುಗೆಮನೆಯಲ್ಲಿ ಕೂತು ಅತ್ತೆ.


ಡಿಸೆಂಬರ್ 12, ಗುರುವಾರ

ಶೆಲ್ಬಿ ಮುಗಿಸಿದಳು.

ನಮ್ಮಲ್ಲಿ ಬಿಲ್ಲೆ ಕೊಡುವ ಕ್ರಮ ಒಂದಿದೆ. ಮುಗಿಸಿದವರ ಕೈಗೆ ನೇರವಾಗಿ ಕೊಡುವುದಿಲ್ಲ. ಕೋಣೆಯಲ್ಲಿ ಇರುವವರೆಲ್ಲ ಒಬ್ಬರಾದ ಮೇಲೊಬ್ಬರು ಮುಷ್ಟಿಯಲ್ಲಿ ಹಿಡಿದು, ಮನಸ್ಸಿನಲ್ಲಿ ಒಂದು ಮಾತು ಹೇಳಿ ದಾಟಿಸಬೇಕು. ಕೊನೆಯ ಕೈ ಮೆಂಟರ್‌ದು. ಅಷ್ಟು ಹೊತ್ತಿಗೆ ಲೋಹ ಬೆಚ್ಚಗಾಗಿರುತ್ತದೆ.

ಬಿಲ್ಲೆ ಹಿಂದಿನ ಗೋಡೆಗೆ ಬಂತು. ಕೊರಿನ್ ಒರಗುತ್ತಿದ್ದ ಜಾಗದಲ್ಲಿ ಯಾರೂ ನಿಂತಿರಲಿಲ್ಲ. ನನ್ನ ಕೈಯಲ್ಲೇ ಉಳಿಯಿತು. ಶೆಲ್ಬಿ ತಾನೇ ನಡೆದುಬಂದು, ಹೊಲಿಗೆಯ ಗುರುತಿದ್ದ ಅಂಗೈ ಚಾಚಿದಳು. ಕೊಟ್ಟೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ. ನನಗೆ ಆ ಸದ್ದು ಕೇಳಲಾಗಲಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಅವಳಿಗೆ ಎಲ್ಲ ಹೇಳಿದೆ — ಅನುಮಾನ ಪಟ್ಟಿದ್ದು, ಆ ಪರೀಕ್ಷೆ.

“ನನಗೆ ಗೊತ್ತಿತ್ತು,” ಅಂದಳು. “ಕೊರಿನ್ ಹತ್ರ ಅತ್ತೆ. ‘ರೂತಿ ಮೇಲೆ ಸಿಟ್ಟಾಗ್ಬೇಡ, ತಪ್ಪು ನಂದು’ ಅಂದ್ರು. ಏನು ತಪ್ಪು ಅಂತ ಕೇಳ್ಲಿಲ್ಲ ನಾನು. ಕೇಳ್ಬಾರ್ದಲ್ವಾ ನಮ್ಮಲ್ಲಿ.”

ಇಬ್ಬರೂ ಅಲ್ಲೇ ಕೂತೆವು. ಚಳಿ ಮೂಳೆಗಿಳಿಯುತ್ತಿತ್ತು.


ಜನವರಿ 8, ಬುಧವಾರ

ಫೋನ್ ಸುತ್ತು. ಈಗ ಮೊದಲ ಪ್ರಶ್ನೆ: ನೀನು ಹೇಗಿದ್ದೀಯ? ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿಯುತ್ತದೆ. ಒಬ್ಬ ಫೋನ್ ಇಟ್ಟೇಬಿಟ್ಟ. ಮತ್ತೆ ಮಾಡಿದೆ.

ಹನ್ನೊಂದರ ಪಟ್ಟಿಯಲ್ಲಿ ಈಗ ಹತ್ತು. ಅವಳ ಹೆಸರಿಗೆ ಗೆರೆ ಎಳೆದಿಲ್ಲ. ಎಳೆಯುವುದೂ ಇಲ್ಲ.


ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಶೆಲ್ಬಿಯ ಫೋನ್. ಮಾತಾಡುತ್ತಲೇ ಬರೆಯುತ್ತಿದ್ದೇನೆ.

“ಮಿಸ್ ರೂತಿ, ಎದ್ದಿದ್ರಾ? ಏನಿಲ್ಲ... ಗುರುವಾರದ ಗುಂಪಲ್ಲಿ ಒಬ್ಳಿದ್ದಾಳೆ. ಸ್ವಲ್ಪ ಕಷ್ಟದಲ್ಲಿದ್ದಾಳೆ. ಅವಳಿಗೆ ಏನು ಹೇಳ್ಲಿ?”

“ಯಾರು?”

“ಹೆಸರು ಕೇಳ್ಬಾರ್ದು ಅಂತ ನಿಮ್ದೇ ರೂಲ್ಸ್ ಅಲ್ವಾ?” ನಗಲು ನೋಡಿದಳು.

“ರೂಲ್ಸ್ ಹಾಳಾಗ್ಲಿ. ಶೆಲ್ಬಿ, ನೀನಾ?”

ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ. ಉಸಿರು ಕೇಳಿಸುತ್ತಿದೆ.

“ಎಲ್ರೂ ಚಪ್ಪಾಳೆ ತಟ್ಟಿದ್ರಲ್ಲ,” ಅಂದಳು.

“ಫೋನ್ ಇಡ್ಬೇಡ ಕಂದ. ಬಾಗಿಲ ಚಿಲಕ ತೆಗೆದಿಡು. ಬಂದೆ. ಮಾತಾಡ್ತಾ ಇರು, ಏನಾದ್ರೂ ಮಾತಾಡು.”

ಮಾತಾಡುತ್ತಿದ್ದಾಳೆ. ಕಾರಿನ ಕೀ ಸಿಕ್ಕಿತು. ಕೋಟು ಬೇಡ. ಒಂದು ಕಾಲಿಗೆ ಶೂ —