ಫುಂಡಿ ಎಂದು ಬರೆದುಕೊಂಡವಳು

ನೈರೋಬಿ
ಮೇ ೧೪

ಪ್ರೀತಿಯ ಬರಾಸಾ,

ಮಾನ್ಯ ನ್ಯಾಯಪೀಠದೆದುರು ತಪ್ಪೊಪ್ಪಿಗೆ: ಕಳೆದ ಸೋಮವಾರ ನಾನು ಪರರ ಕಾಗದ ಕದ್ದು ಓದಿದೆ. ಆ ಗುಂಗಿನಲ್ಲಿ ನಿನಗೆ ಉತ್ತರ ತಡವಾಯಿತು. ಎರಡಕ್ಕೂ ಸೇರಿಸಿ ಶಿಕ್ಷೆ ವಿಧಿಸು. ಅಮ್ಮನ ಮಂಡಿನೋವು ಹೇಗಿದೆ?

ಯಾವ ಆಸ್ಪತ್ರೆಯಲ್ಲಿ ಯಾವ ಗುಂಪಿನ ರಕ್ತವಿದೆಯೆಂದು ತೋರಿಸುವ ಸಾಫ್ಟ್‌ವೇರ್ ನಮ್ಮದಲ್ಲವೆ? ತಂಡಕ್ಕೆ ಮುಖ್ಯಸ್ಥರನ್ನು ಆರಿಸಲು ಯಜಮಾನ ಚೆರುಯೊಟ್ ಒಂದು ಫಾರಂ ಹಂಚಿದ: ‘ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ?’ ಎಲ್ಲರೂ ತುಂಬಿಕೊಟ್ಟ ಆ ಫಾರಂಗಳನ್ನೇ ನಾನು ಕದ್ದು ಓದಿದ್ದು.

ಒಬ್ಬ ಆರ್ಕಿಟೆಕ್ಟ್; ಮನೆಯ ಕೋಳಿಗೂಡಿಗೆ ಬಾಗಿಲಿಡಲು ಮರೆತವನು. ಒಬ್ಬ ಹ್ಯಾಕರ್, ಪೊಲೀಸ್ ಮಾವ ಅವನೊಡನೆ ಮಾತು ಬಿಟ್ಟಿದ್ದಾರೆ. ಇನ್ನೊಬ್ಬ ಕೋಡರ್; ಕೋಡು ಇನ್ನೂ ಮೂಡಬೇಕು. ನಾನು ಎಂಜಿನಿಯರ್. ಹಿರಿಯಳಾದ ಮುಥೇವು ಅಕ್ಕ ಮಾತ್ರ ‘ಫುಂಡಿ’ ಎಂದು ಬರೆದಿದ್ದಳು. ನಲ್ಲಿ, ಹೊಲಿಗೆ, ಸೈಕಲ್, ಏನು ಕೆಟ್ಟರೂ ನಾವು ಕೂಗಿ ಕರೆಯುವ ಅದೇ ಫುಂಡಿ.

“ಏನಕ್ಕ, ನಮ್ಮನೇಲಿ ನಲ್ಲಿ ಸೋರ್ತಿದೆ, ಬರ್ತೀಯಾ?” ಎಂದು ರೇಗಿಸಿದೆ.

“ಮೊದ್ಲು ನಿನ್ನ ಬಾಯಿ ಮುಚ್ಚಿಸ್ತೀನಿ ತಮ್ಮಾ, ಅದು ಜಾಸ್ತಿ ಸೋರತ್ತೆ.”

ಮರುದಿನ ಬೆಳಿಗ್ಗೆ ಗುಡ್ಡದಾಚೆಯ ಸಣ್ಣ ಆಸ್ಪತ್ರೆಯೊಂದರಿಂದ ಫೋನು. ಹೆರಿಗೆಯಾದವಳಿಗೆ ರಕ್ತ ನಿಲ್ಲುತ್ತಿಲ್ಲ. ನಮ್ಮ ಪರದೆ ‘ದಾಸ್ತಾನಿಲ್ಲ’ ಎನ್ನುತ್ತಿದೆ. ಆರ್ಕಿಟೆಕ್ಟ್ ಗೋಡೆಯ ಮೇಲೆ ನಕ್ಷೆ ಬರೆಯತೊಡಗಿದ. ಹ್ಯಾಕರ್ ಅದನ್ನು ಅಳಿಸಿದ. ಅಕ್ಕ ಕಂಪ್ಯೂಟರ್ ಮುಟ್ಟಲೇ ಇಲ್ಲ, ಫೋನು ಕಸಿದುಕೊಂಡಳು.

“ಸಿಸ್ಟರ್, ಪರದೆ ಬಿಡಿ. ಫ್ರಿಜ್ ತೆಗೀರಿ. ಚೀಲದ ಮೇಲಿನ ತಾರೀಕು ಓದಿ ಹೇಳಿ.”

ಐದು-ಆರು ಎಂದಿತ್ತು, ನಾಲ್ಕು ಚೀಲಗಳ ಮೇಲೆ. ಜೂನ್ ಐದು. ನಮ್ಮ ಸಾಫ್ಟ್‌ವೇರ್ ಅದನ್ನು ತಿಂಗಳು ಮೊದಲು, ದಿನ ಆಮೇಲೆ ಓದಿ, ಮೇ ಆರಕ್ಕೇ ಅವಧಿ ಮುಗಿಯಿತೆಂದು ಒಳ್ಳೆಯ ರಕ್ತವನ್ನು ಮರೆಮಾಡಿತ್ತು. ಬಾಣಂತಿ ಉಳಿದಳು. ಆಮೇಲಷ್ಟೇ ಅಕ್ಕ ಕೂತು ಆ ಸಾಲು ತಿದ್ದಿದಳು. ಯಾವ ಸಾಲು ಯಾರು ಬರೆದದ್ದೆಂಬ ದಾಖಲೆ ನಮ್ಮಲ್ಲಿ ಇದ್ದೇ ಇರುತ್ತದೆ. ತೆಗೆದು ನೋಡೋಣವೆಂದರು ಹುಡುಗರು.

“ಸೋರೋ ಪೈಪಿನ ಕುಲಗೋತ್ರ ಕೇಳ್ತಾ ಕೂತ್ರೆ ಮನೆ ಮುಳುಗತ್ತೆ. ಚಹಾ ತನ್ನಿ,” ಎಂದಳು.

ಬರಾಸಾ, ಬಿರುದುಗಳೆಲ್ಲ ಅಂದು ಬೆವರಿದವು. ಬೆವರಿನ ಕೆಲಸದ ಹೆಸರಿಟ್ಟುಕೊಂಡವಳು ಮಾತ್ರ ತಣ್ಣಗಿದ್ದಳು. ಚೆರುಯೊಟ್ ಸಭೆ ಕರೆದಾಗ ನಾನೇ ಎದ್ದುನಿಂತು, “ಜೀವ ಉಳಿಸಿದ್ದು ಈ ಫುಂಡಿ, ಮುಖ್ಯಸ್ಥೆಯಾಗಬೇಕಾದವಳು ಇವಳೇ,” ಎಂದು ಗಟ್ಟಿಯಾಗಿ ಸಾರಿದೆ.

ಮನೆಮಂದಿಗೆಲ್ಲ ಒಳ್ಳೆಯದಾಗಲಿ, ಅಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ
ಒಕುಮು

ಮ.ಸೂ.: ಸಭೆಯಲ್ಲಿ ನಾನು ಏಳಲಿಲ್ಲ. “ಸರಿಮಾಡಿದ್ದು ಯಾರು?” ಎಂದು ಚೆರುಯೊಟ್ ಕೇಳಿದ. ಬಾಯಿ ತೆರೆದರೆ, ಕೆಡಿಸಿದ್ದು ಯಾರೆಂಬುದೇ ಮುಂದಿನ ಪ್ರಶ್ನೆ. ಆ ಸಾಲು ನನ್ನದು. ಅಕ್ಕನೂ ಬಾಯಿಬಿಡಲಿಲ್ಲ. “ಫುಂಡಿ ಅನ್ನೋ ಹುದ್ದೆ ನಮ್ಮಲ್ಲಿಲ್ಲ” ಎಂದು ಅವಳ ಫಾರಂ ಪಕ್ಕಕ್ಕಿಟ್ಟು, ಮುಖ್ಯಸ್ಥನೆಂದು ಚೆರುಯೊಟ್ ನನ್ನ ಹೆಸರು ಓದಿದ. ಮೊದಲು ಚಪ್ಪಾಳೆ ತಟ್ಟಿದ್ದು ಅವಳು.