ಕೆಂಪು ಅರಿವೆ ಕಟ್ಟಿದ ಬಳ್ಳಿ

ಕಲಘಟಗಿ
೧೮ ನವೆಂಬರ್ ೨೦೨೪

ನನ್ನ ಬಂಗಾರದಂಥ ಮೊಮ್ಮಗಳು ನೀಲಾಗೆ,

ಹೆಂಗದಿ ನನ್ನವ್ವ? ಹಾಸ್ಟೆಲಿನ ಊಟ ಒಗ್ಗಿತೇ, ಕೆಮ್ಮು ನಿಂತಿತೇ? ಕಂಡಕ್ಟರ್ ಭೀಮೇಶನ ಕೈಯಲ್ಲಿ ಎಂದಿನಂತೆ ರೊಟ್ಟಿ ಬುತ್ತಿ ಕಳಿಸುತ್ತಿದ್ದೇನೆ. ಜೊತೆಗೆ ಬೇರೆ ಕೈಚೀಲದಲ್ಲಿ ಮೂರು ಗಡ್ಡೆಗಳಿವೆ. ಅವು ತಿನ್ನುವುದಕ್ಕಲ್ಲ, ಮುಟ್ಟಿದರೆ ಕೈ ತೊಳೆದುಕೋ. ಅವು ಅಡವಿ ಗೆಣಸೋ, ವಿಷದ ಗೌರಿ ಹೂವಿನ ಗಡ್ಡೆಯೋ ಎಂದು ನಿನ್ನ ಸಸ್ಯಶಾಸ್ತ್ರದ ಮೇಡಂ ಹತ್ತಿರ ಇವತ್ತೇ ಕೇಳು. ನನಗೆ ಬಹಳ ಹೆದರಿಕೆಯಾಗಿದೆ.

ನಮ್ಮ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಶ್ರಾವಣದಲ್ಲಿ ಎಲೆ ನೋಡಿ ಗೆಣಸಿನ ಬಳ್ಳಿಗೆ ಕೆಂಪು ಅರಿವೆ ಕಟ್ಟಿ ಬರುವುದು, ದೀಪಾವಳಿ ದಾಟಿ ಎಲೆ ಉದುರಿದ ಮೇಲೆ ಅರಿವೆ ಇದ್ದಲ್ಲಿ ಅಗೆಯುವುದು. ಈ ಮನೆಗೆ ಬಂದಾಗಿನಿಂದ ಕಟ್ಟುವವಳು ನಾನೇ. ಹೋದ ಸೂಟಿಯಲ್ಲಿ ನೀನು ಪುಸ್ತಕ ಹಿಡಿದು ನನಗೇ ಪಾಠ ಮಾಡಿದೆ. ಬಾವಿಕಟ್ಟೆಯ ಹಾವಸೆಗೆ ನಿಜವಾದ ಬೇರಿಲ್ಲ, ಜರಿಗಿಡಕ್ಕೆ ಹೂವೂ ಇಲ್ಲ ಬೀಜವೂ ಇಲ್ಲ, ಹೂ ಬಿಡುವವುಗಳಲ್ಲಿ ಜೋಳ ಏಕದಳ, ಕಡಲೆ ದ್ವಿದಳ. ಇಷ್ಟು ಓದಿ ಹುಲ್ಲು ಎಣಿಸುತ್ತೀಯೇನೇ ಎಂದು ನಾನು ಕಾಡಿದ್ದೆ. ಅಡವಿ ಗೆಣಸೂ ಗೌರಿ ಹೂವೂ ಎರಡೂ ಏಕದಳವೇ, ಆದರೂ ಗೆಣಸಿನ ಎಲೆಯಲ್ಲಿ ಬಲೆಯ ಹಾಗೆ ನರ, ಗೌರಿ ಹೂವಿನ ಎಲೆಯಲ್ಲಿ ಉದ್ದುದ್ದ ಗೆರೆ, ತುದಿಯಲ್ಲಿ ಸುರುಳಿ ಎಂದು ನೀನೇ ಹೇಳಿದ್ದೆ. 'ಕುದಿಸಿದ್ರೂ ಗೌರಿ ಗಡ್ಡಿ ವಿಷ ಹೋಗೂದಿಲ್ಲ ಆಯಿ' ಎಂದು ನೀನು ಅಂದದ್ದು ಮೂರು ದಿನದಿಂದ ಕಿವಿಯಲ್ಲೇ ಇದೆ.

ಯಾರಿಗೂ ಹೇಳಬೇಡ. ಈ ಶ್ರಾವಣದಲ್ಲಿ ನನಗೆ ನರವೂ ಕಾಣಲಿಲ್ಲ, ಸುರುಳಿಯೂ ಕಾಣಲಿಲ್ಲ. ಕಣ್ಣ ಮುಂದೆ ಹೊಗೆ ಕವಿದ ಹಾಗೆ ಇತ್ತು. ಅಂದಾಜಿನ ಮೇಲೆ ಅರಿವೆ ಕಟ್ಟಿ ಬಂದೆ. ಕಾಣುವುದಿಲ್ಲ ಎನ್ನಲು ಈ ಹಟಮಾರಿ ಮುದುಕಿಗೆ ಬಾಯಿ ಬರಲಿಲ್ಲ. ಮೊನ್ನೆ ಅಗೆದವುಗಳಲ್ಲಿ ಮೂರು ಗಡ್ಡೆ ಕೈಗೆ ಗೌರಿ ಗಡ್ಡೆಯಂತೆಯೇ ನೇಗಿಲಿನ ಹಾಗೆ ಸೊಟ್ಟ ಸಿಕ್ಕವು, ಅವನ್ನೇ ಕಳಿಸಿದ್ದೇನೆ. ಬುಟ್ಟಿಯಲ್ಲಿ ಉಳಿದವು ಯಾವವೋ ಆ ಶಿವನೇ ಬಲ್ಲ. ನಿನ್ನಜ್ಜ ದಿನಾ ಗೆಣಸು ಯಾವಾಗ ಕುದಿಸುತ್ತೀ ಎಂದು ಜೀವ ತಿನ್ನುತ್ತಾನೆ. ಕಟ್ಟಿಗೆ ಹಸಿ ಎಂದೆ, ಸೋಮವಾರದ ಒಪ್ಪತ್ತು ಎಂದೆ, ನನಗೆ ನೆಪಗಳೇ ಮುಗಿದವು. ಎಸೆದುಬಿಡೋಣವೆಂದರೆ ಯಾಕೆಂದು ಹೇಳಬೇಕು. ಹೇಳಿದರೆ ಇನ್ನು ಒಲೆಯ ಮುಂದೆಯೂ ನನ್ನನ್ನು ಕೂಡಗೊಡುವುದಿಲ್ಲ. ಫೋನು ಮಾಡಿದರೆ ಅವನು ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾನೆ. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ, ವಾರೆಯಾಗಿ ಬಿದ್ದಿದ್ದರೆ ನಗಬೇಡ.

ಹೊಟ್ಟೆ ತುಂಬ ಉಣ್ಣು, ತಣ್ಣಗಿರು, ನನ್ನ ಆಯುಷ್ಯವೂ ನಿನಗಿರಲಿ.

ನಿನ್ನ ಆಯಿ,
ಮೈಲಾರವ್ವ

ತಾ.ಕ.: ಇಷ್ಟು ಬರೆದು ಒಳಗೆ ಹೋದರೆ ನಿನ್ನಜ್ಜ ತಾನೇ ಗಡ್ಡೆ ತೊಳೆದು ಒಲೆಯ ಮೇಲಿಟ್ಟು ಕಾಯುತ್ತಾ ಕೂತಿದ್ದ. ಬೋಗುಣಿ ಕೆಡವಿದೆ, ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. "ನಿನಗ ಕಾಣಂಗಿಲ್ಲ ಅನ್ನೂದು ನನಗ ಹ್ವಾದ ವರ್ಷನ ಗೊತ್ತಿತ್ತು. ಆದ್ರೂ ನೀ ಕುದಿಸಿ ಕೊಟ್ಟಿದ್ದು ತಿಂದೆ" ಎಂದ. ಹೋದ ವರ್ಷವೂ ಅರಿವೆ ಕಟ್ಟಿದವಳು ನಾನೇ, ನೀಲಾ. ಬಸ್ಸು ಬಂತು. ಗಡ್ಡೆ ಯಾವುದೇ ಇರಲಿ, ರವಿವಾರ ಬಂದು ನನ್ನನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗು.